ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗೆ ಮನೆಪಾಠ ಹೇಳುವ ಕ್ರಮ

ಹತ್ತನೇ ತರಗತಿಯ ಮಕ್ಕಳಿಗೆ ಮನೆಪಾಠ ಹೇಳಲು ಮುಂದಾಗುವವರಲ್ಲಿ ಬಿ.ಎಡ್. ಓದುತ್ತಿರುವವರು, ಕೆಲಸಕ್ಕೆ ಕಾಯುತ್ತಿರುವ ಪದವೀಧರರು, ವಿಜ್ಞಾನ ಓದಿ ಮನೆಯಲ್ಲಿರುವ ಗೃಹಿಣಿಯರು ಹೆಚ್ಚಾಗಿ ಕಾಣುತ್ತಾರೆ. ವಿಷಯಜ್ಞಾನಕ್ಕೆ ಇವರಲ್ಲಿ ಕೊರತೆ ಇರುವುದಿಲ್ಲ. ಆದರೂ ಬೆಳಿಗ್ಗೆ ಶಾಲೆಯಲ್ಲಿ ನಡೆದ ಪಾಠವನ್ನೇ ಸಂಜೆ ಮತ್ತೊಮ್ಮೆ ವಿವರಿಸಿ, ಮಗು ತಲೆಯಾಡಿಸಿದ ಕೂಡಲೇ ಅರ್ಥವಾಯಿತೆಂದು ಮುಂದಕ್ಕೆ ಹೋಗುವುದು ಬಹಳ ಸಾಮಾನ್ಯ. ಐವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕರಿಗೆ ಸಾಧ್ಯವಾಗದ ಒಂದು ಕೆಲಸ ಮನೆಪಾಠದಲ್ಲಿ ಸಾಧ್ಯ: ಒಬ್ಬ ವಿದ್ಯಾರ್ಥಿ ಲೆಕ್ಕ ಬಿಡಿಸುವಾಗ ಅವನ ಪೆನ್ನು ಯಾವ ಸಾಲಿನಲ್ಲಿ ತಡೆದು ನಿಲ್ಲುತ್ತದೆ ಎಂಬುದನ್ನು ಪಕ್ಕದಲ್ಲೇ ಕುಳಿತು ನೋಡುವುದು. ಈ ಅನುಕೂಲವನ್ನು ಬಳಸಿಕೊಳ್ಳದ ಮನೆಪಾಠದಿಂದ ಮಗುವಿನ ಸಂಜೆ ಕಳೆಯುತ್ತದೆಯೇ ಹೊರತು ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಒಂದು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸುತ್ತದೆ. ಆದ್ದರಿಂದ ಮಗುವಿಗೆ ಶಾಲೆಯಲ್ಲಿ ಕಲಿಸುವವರನ್ನೇ ಮನೆಗೂ ಬರುವಂತೆ ಪೋಷಕರು ಕೇಳಬಾರದು, ಶಿಕ್ಷಕರೂ ಒಪ್ಪಬಾರದು.

ಪಾಠ ಆರಂಭಿಸುವ ಮುನ್ನ ಪರೀಕ್ಷೆಯ ಸ್ವರೂಪ ಸ್ಪಷ್ಟವಾಗಿ ತಿಳಿದಿರಬೇಕು. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಪ್ರಥಮ ಭಾಷೆಯಲ್ಲಿ 100 ಅಂಕ ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಉಳಿದ ವಿಷಯಗಳಲ್ಲಿ ಇದು 80 ಮತ್ತು 20. ಆಂತರಿಕ ಅಂಕಗಳು ವರ್ಷವಿಡೀ ನಡೆಯುವ ಕಿರುಪರೀಕ್ಷೆ ಮತ್ತು ಚಟುವಟಿಕೆಗಳಿಂದ ಬರುವುದರಿಂದ, ಶಾಲೆ ಕೊಟ್ಟ ಚಟುವಟಿಕೆಗಳನ್ನು ಮಗು ಹೊತ್ತಿಗೆ ಸರಿಯಾಗಿ ಒಪ್ಪಿಸುತ್ತಿದೆಯೇ ಎಂದು ವಿಚಾರಿಸುವುದೂ ಮನೆಪಾಠದವರ ಹೊಣೆಯೇ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಮಾದರಿ ಪ್ರಶ್ನೆಪತ್ರಿಕೆಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಆಯಾ ವರ್ಷದವನ್ನೇ ಮುದ್ರಿಸಿಕೊಳ್ಳಬೇಕು. ಅಂಗಡಿಯ ಗೈಡುಗಳಲ್ಲಿ ಹಳೆಯ ಮಾದರಿ ಹಾಗೆಯೇ ಉಳಿದಿರುವುದುಂಟು.

ಮೊದಲ ವಾರ ಹೊಸ ಪಾಠ ಬೇಡ. ಗಣಿತವನ್ನೇ ತೆಗೆದುಕೊಳ್ಳೋಣ. 40, 36, 32 ಎಂದು ಸಾಗುವ ಸಮಾಂತರ ಶ್ರೇಢಿಯಲ್ಲಿ −24 ಎಷ್ಟನೆಯ ಪದ ಎಂಬ ಲೆಕ್ಕವನ್ನು ಕೊಟ್ಟು, ಏನೂ ಮಾತನಾಡದೆ ನೋಡುತ್ತಿರಬೇಕು. ಮಗು ಸೂತ್ರವನ್ನು ಸರಿಯಾಗಿ ಬರೆಯುತ್ತದೆ, ಸಾಮಾನ್ಯ ವ್ಯತ್ಯಾಸ −4 ಎಂದು ಗುರುತಿಸುತ್ತದೆ, −64 = (n−1)(−4) ಎಂಬ ಹಂತಕ್ಕೂ ಬರುತ್ತದೆ. ಅಲ್ಲಿ −64ನ್ನು −4ರಿಂದ ಭಾಗಿಸಿ −16 ಎಂದು ಬರೆದು, n = −15 ಎಂದು ಉತ್ತರಕ್ಕೆ ಗೆರೆ ಎಳೆದುಬಿಡುತ್ತದೆ. ಈಗ ಶ್ರೇಢಿಯ ಪಾಠವನ್ನು ಮತ್ತೆ ಮೊದಲಿನಿಂದ ಹೇಳುವುದು ವ್ಯರ್ಥ, ಏಕೆಂದರೆ ಶ್ರೇಢಿ ಆ ಮಗುವಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು ಏಳನೇ ತರಗತಿಯ ಪೂರ್ಣಾಂಕಗಳ ಭಾಗಾಕಾರ. ಜೊತೆಗೆ, ಪದದ ಸ್ಥಾನ ಋಣಸಂಖ್ಯೆ ಆಗಲಾರದು ಎಂದು ತನ್ನ ಉತ್ತರವನ್ನು ತಾನೇ ಪ್ರಶ್ನಿಸುವ ರೂಢಿಯೂ ಅದಕ್ಕೆ ಇಲ್ಲ. ಇವೆರಡಕ್ಕೂ ಬೇರೆ ಬೇರೆ ಮದ್ದು ಬೇಕು. ಮೊದಲನೆಯದಕ್ಕೆ ದಿನವೂ ಹತ್ತು ನಿಮಿಷ ಋಣಸಂಖ್ಯೆ ಮತ್ತು ಭಿನ್ನರಾಶಿಗಳ ಸಣ್ಣ ಲೆಕ್ಕಗಳು, ಎರಡನೆಯದಕ್ಕೆ, ಉತ್ತರ ಬಂದ ಕೂಡಲೇ "ಮೈನಸ್ ಹದಿನೈದನೇ ಪದ ಅಂತ ಒಂದು ಇರುತ್ತಾ?" ಎಂದು ಕೇಳಿ, ಸರಿ ತಪ್ಪು ಹೇಳದೆ ಕಾಯುವುದು. ಸರಿಯುತ್ತರ 17 ಎಂಬುದನ್ನು ಮಗುವೇ ಕಂಡುಕೊಂಡು, 17ನ್ನು ಸೂತ್ರದಲ್ಲಿ ಇಟ್ಟು −24 ಬರುತ್ತದೆಯೇ ಎಂದು ತಾಳೆ ನೋಡಬೇಕು. ಹೀಗೆ ಕಾಯುವುದು ಕಷ್ಟದ ಕೆಲಸ. ಬಲ್ಲವರಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದನ್ನು ತಡೆಹಿಡಿದಷ್ಟೂ ಮಗು ಕಲಿಯುತ್ತದೆ.

ಇಂತಹ ಬೇರಿನ ದೋಷಗಳು ಹತ್ತನೇ ತರಗತಿಯಲ್ಲಿ ಹುಟ್ಟಿದವಲ್ಲವಾದ್ದರಿಂದ, ಆರು, ಏಳು, ಎಂಟನೇ ತರಗತಿಗಳ ಪಠ್ಯಪುಸ್ತಕಗಳನ್ನು ಹತ್ತಿರ ಇಟ್ಟುಕೊಂಡಿರುವುದು ಒಳ್ಳೆಯದು. ದೊಡ್ಡ ಮಕ್ಕಳಿಗೆ ಸಣ್ಣ ತರಗತಿಯ ಪುಸ್ತಕ ತೆರೆಯಲು ನಾಚಿಕೆಯಾಗುತ್ತದೆ, ಅದರಲ್ಲೂ ತಮ್ಮ ತಂಗಿಯರ ಎದುರಿಗೆ. ಪುಸ್ತಕ ತೋರಿಸದೆ ಲೆಕ್ಕವನ್ನಷ್ಟೇ ಹಾಳೆಯ ಮೇಲೆ ಬರೆದುಕೊಟ್ಟರೆ ಆಯಿತು.

ಪ್ರತಿದಿನದ ಒಂದೂವರೆ ಗಂಟೆಯಲ್ಲಿ ಮೊದಲ ಇಪ್ಪತ್ತು ನಿಮಿಷ ಪುಸ್ತಕ ಮುಚ್ಚಿಸಿ ಬರೆಸಬೇಕು. ನಿನ್ನೆ ಕಲಿತದ್ದರಿಂದ ಒಂದು, ಹೋದ ವಾರದ್ದರಿಂದ ಒಂದು, ಹೋದ ತಿಂಗಳಿನದರಿಂದ ಒಂದು ಪ್ರಶ್ನೆ ಸಾಕು. ಓದಿದ್ದನ್ನು ಮತ್ತೆ ಮತ್ತೆ ಓದುವಾಗ ಎಲ್ಲವೂ ಪರಿಚಿತವೆನಿಸಿ, ಬಂದೇಬಿಟ್ಟಿತೆಂಬ ಭ್ರಮೆ ಹುಟ್ಟುತ್ತದೆ. ನೆನಪಿನಿಂದ ಬರೆಯಲು ಕುಳಿತಾಗಲೇ ಎಷ್ಟು ಉಳಿದಿದೆ ಎಂಬುದು ಗೊತ್ತಾಗುತ್ತದೆ, ಹಾಗೆ ಬರೆದದ್ದು ಹೆಚ್ಚು ಕಾಲ ನಿಲ್ಲುತ್ತದೆ. ತಪ್ಪಿದ ಪ್ರಶ್ನೆಗಳಿಗೆ ಪ್ರತ್ಯೇಕ ನೋಟ್‌ಬುಕ್ ಇಟ್ಟು, ತಪ್ಪು ಏಕಾಯಿತು ಎಂಬುದನ್ನು ಮಗುವಿನ ಮಾತಿನಲ್ಲೇ ಒಂದು ಸಾಲು ಬರೆಸಿದರೆ, ಪರೀಕ್ಷೆಯ ಹಿಂದಿನ ವಾರ ಪುನರಾವರ್ತನೆಗೆ ಅದಕ್ಕಿಂತ ಉಪಯುಕ್ತವಾದ ಪುಸ್ತಕ ಮತ್ತೊಂದು ಸಿಗದು.

ವಿಜ್ಞಾನದಲ್ಲಿ ಅಂಕ ಸೋರಿಹೋಗುವುದು ಹೆಚ್ಚಾಗಿ ಚಿತ್ರಗಳಲ್ಲಿ ಮತ್ತು ಸಮೀಕರಣಗಳಲ್ಲಿ. ಪೀನ ಮಸೂರದ ಕಿರಣಚಿತ್ರ ಅಂದವಾಗಿರುತ್ತದೆ, ಆದರೆ ಕಿರಣಗಳಿಗೆ ಬಾಣದ ಗುರುತೇ ಇರುವುದಿಲ್ಲ. ಹೃದಯದ ಚಿತ್ರ ಸರಿಯಾಗಿದ್ದರೂ ಭಾಗಗಳನ್ನು ಸೂಚಿಸುವ ಗೆರೆಗಳು ಎಲ್ಲೋ ಮುಟ್ಟಿರುತ್ತವೆ. ರಾಸಾಯನಿಕ ಸಮೀಕರಣ ಬರೆದು, ಸರಿದೂಗಿಸುವುದನ್ನು ಮರೆತಿರುತ್ತಾರೆ. ಇವನ್ನು ಬಾಯಿಮಾತಿನಲ್ಲಿ ಎಚ್ಚರಿಸಿ ಪ್ರಯೋಜನವಿಲ್ಲ, ವಾರಕ್ಕೆ ಎರಡು ಚಿತ್ರ ಬಿಡಿಸಿ ಅಲ್ಲೇ ತಿದ್ದಬೇಕು. ಸಮಾಜ ವಿಜ್ಞಾನಕ್ಕೂ ಇದೇ ಮಾತು: ಭಾರತದ ಬಾಹ್ಯರೇಖಾ ನಕ್ಷೆಯನ್ನು ಕೈ ಪಳಗುವವರೆಗೆ ಬರೆಸಬೇಕು. ಕನ್ನಡದಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸುವುದು, ಕಂಠಪಾಠದ ಪದ್ಯ, ಪತ್ರಲೇಖನ ಇವು ಅಭ್ಯಾಸ ಮಾಡಿದವರಿಗೆ ಸಿಕ್ಕೇ ಸಿಗುವ ಅಂಕಗಳು. ಮಾತೃಭಾಷೆ ತಾನೇ ಎಂದು ಕೊನೆಗೆ ತಳ್ಳುವುದರಿಂದಲೇ ಅವು ಕೈತಪ್ಪುತ್ತವೆ.

ಡಿಸೆಂಬರ್ ವೇಳೆಗೆ ಪೂರ್ಣ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ಬರೆಸಲು ಆರಂಭಿಸಬೇಕು. ಗಣಿತದ 80 ಅಂಕದ ಪತ್ರಿಕೆಗೆ ಓದಿಕೊಳ್ಳುವ 15 ನಿಮಿಷವೂ ಸೇರಿ 3 ಗಂಟೆ 15 ನಿಮಿಷ ಇರುತ್ತದೆ. ಆ ಹದಿನೈದು ನಿಮಿಷದಲ್ಲಿ ಆಯ್ಕೆ ಇರುವ ಪ್ರಶ್ನೆಗಳಲ್ಲಿ ಯಾವುದನ್ನು ಬರೆಯುವುದೆಂದು ನಿರ್ಧರಿಸುವುದೂ ಅಭ್ಯಾಸದಿಂದ ಬರುವ ವಿದ್ಯೆ. ಉತ್ತರ ಬರದಿದ್ದರೂ ಸೂತ್ರ ಮತ್ತು ಮೊದಲ ಹಂತಗಳನ್ನು ಬರೆಯದೆ ಬಿಡಬಾರದು, ಹಂತಗಳಿಗೂ ಅಂಕವಿದೆ. ಬರೆಯುವಾಗ ಮನೆಪಾಠದವರು ನೆರವಿಗೆ ಬರಬಾರದು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟಾಗ, ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಬಳಿಕವೂ ಶೇ. 73.40ಕ್ಕೆ ಇಳಿಯಿತು. ಯಾರದೋ ಆಸರೆಯಲ್ಲಿ ಬರೆದು ರೂಢಿಯಾದ ಮಕ್ಕಳನ್ನು ಅಂತಹ ಕೊಠಡಿಗೆ ಕಳುಹಿಸುವುದು ಅವರಿಗೆ ಮಾಡುವ ಅನ್ಯಾಯ.

ಮನೆಯವರೊಂದಿಗಿನ ವ್ಯವಹಾರವನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಬೇಕು: ವಾರಕ್ಕೆ ಎಷ್ಟು ದಿನ, ಫೀಸು ಎಷ್ಟು, ರಜೆ ಹೇಗೆ. ಇಂತಿಷ್ಟು ಅಂಕ ಬರಿಸಿಕೊಡುತ್ತೇನೆಂಬ ಮಾತನ್ನು ಯಾವ ಕಾರಣಕ್ಕೂ ಕೊಡಬಾರದು. ಪಾಠ ನಡುಮನೆಯಲ್ಲೋ ಬಾಗಿಲು ತೆರೆದ ಕೋಣೆಯಲ್ಲೋ, ಮನೆಯಲ್ಲಿ ಹಿರಿಯರೊಬ್ಬರು ಇರುವಾಗ ನಡೆಯಲಿ. ಇದು ಮಗುವಿನ ಕ್ಷೇಮಕ್ಕೂ ಪಾಠ ಹೇಳುವವರ ಗೌರವಕ್ಕೂ ಅಗತ್ಯ. ತಿಂಗಳಿಗೊಮ್ಮೆ ಪೋಷಕರಿಗೆ ವರದಿ ಕೊಡುವಾಗ ಮಗು ಈಗ ಏನು ಮಾಡಬಲ್ಲದು ಎಂಬುದರಿಂದ ಆರಂಭಿಸಿ, ಉಳಿದ ಕೊರತೆಯನ್ನು ಆಮೇಲೆ ಹೇಳಬೇಕು. ಪಕ್ಕದ ಮನೆಯ ಮಗುವಿನ ಅಂಕದ ಮಾತು ಬಂದರೆ ಅಲ್ಲಿಯೇ ವಿನಯದಿಂದ ತಡೆಯಬೇಕು. ಹದಿನೈದು ವರ್ಷದ ಮಕ್ಕಳು ಹೋಲಿಕೆಯನ್ನು ಬಹಳ ಆಳಕ್ಕೆ ತೆಗೆದುಕೊಳ್ಳುತ್ತಾರೆ. ಊಟ ಬಿಡುವುದು, ನಿದ್ದೆ ಬಾರದಿರುವುದು, ಬದುಕೇ ಬೇಡವೆಂಬ ಮಾತು ಕಂಡುಬಂದರೆ ಪಾಠವನ್ನು ಬದಿಗಿಟ್ಟು ಅದೇ ದಿನ ಪೋಷಕರಿಗೆ ತಿಳಿಸಿ, ವೈದ್ಯರ ನೆರವು ಪಡೆಯುವಂತೆ ಹೇಳಬೇಕು.

ಫಲಿತಾಂಶದ ದಿನವೂ ಮನೆಪಾಠದವರ ಕೆಲಸ ಮುಗಿದಿರುವುದಿಲ್ಲ. 2023-24ನೇ ಸಾಲಿನಿಂದ ಒಂದೇ ಶೈಕ್ಷಣಿಕ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿರುವುದರಿಂದ, ಮೊದಲ ಪರೀಕ್ಷೆಯಲ್ಲಿ ಒಂದೆರಡು ವಿಷಯ ಹೋದವರು ವರ್ಷ ಕಳೆದುಕೊಳ್ಳಬೇಕಾಗಿಲ್ಲ. ನಿರೀಕ್ಷೆಗಿಂತ ತೀರಾ ಕಡಿಮೆ ಅಂಕ ಬಂದಿದ್ದರೆ, ಮಂಡಳಿಗೆ ನಿಗದಿತ ಶುಲ್ಕ ಕಟ್ಟಿ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು, ಮಗುವಿನೊಂದಿಗೆ ಕುಳಿತು ಪ್ರಶ್ನೆಪತ್ರಿಕೆಯೊಡನೆ ತಾಳೆ ನೋಡಬೇಕು. ಎಣಿಕೆಯಲ್ಲಿ ತಪ್ಪಿದ್ದರೆ ಮರುಎಣಿಕೆಗೆ, ಉತ್ತರಕ್ಕೆ ಅಂಕ ಬಾರದಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಅರ್ಜಿಗೆ ಸಿಗುವ ಕಾಲಾವಕಾಶ ಕೆಲವೇ ದಿನಗಳಾದ್ದರಿಂದ, ಅದರ ಜೊತೆಗೇ ಮುಂದಿನ ಪರೀಕ್ಷೆಯ ನೋಂದಣಿಯ ಕೊನೆಯ ದಿನಾಂಕವನ್ನೂ ಶಾಲೆಯ ಮುಖ್ಯೋಪಾಧ್ಯಾಯರಿಂದ ಖಚಿತಪಡಿಸಿಕೊಳ್ಳಬೇಕು.