ಟೂಸಾನ್ ಸುತ್ತ ಒಂದು ದಿನ: ಬಿಸಿಲಿನ ಲೆಕ್ಕ ಹಾಕಿ ಫೋಟೊ ತೆಗೆಯುವುದು ಹೇಗೆ?

ಸೊನೋರನ್ ಮರುಭೂಮಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಉಬ್ಬುತಗ್ಗುಗಳೆಲ್ಲ ಎದ್ದು ಕಾಣುವ ಗೋಡೆ, ಬೇಸಿಗೆಯ ನಡುಮಧ್ಯಾಹ್ನಕ್ಕೆ ಬರಿಯ ಬಿಳಿ ಹಲಗೆಯಂತಾಗುತ್ತದೆ. ಆದ್ದರಿಂದ ಅಮೆರಿಕದ ಅರಿಝೋನಾಕ್ಕೆ ಕ್ಯಾಮೆರಾ ಹಿಡಿದು ಹೋಗುವವರು ನಕ್ಷೆ ಬಿಡಿಸುವ ಮೊದಲು ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆ ಎಂದು ನೋಡಿಕೊಳ್ಳಬೇಕು. ಟೂಸಾನ್ ನಗರದಲ್ಲಿ ಉಳಿದುಕೊಂಡು ಒಂದೇ ದಿನದಲ್ಲಿ ಮುಗಿಸಬಹುದಾದ ಸುತ್ತಾಟವನ್ನು ಆ ಲೆಕ್ಕದಲ್ಲೇ ಇಲ್ಲಿ ಜೋಡಿಸಿದ್ದೇನೆ.

ಮೊದಲು ಕಾಲ ಆರಿಸಿಕೊಳ್ಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತಮ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ ನೆರಳುಗಳು ಉದ್ದವಾಗಿ ಬೀಳುತ್ತವೆ. ಆದರೆ ಹಗಲು ಚಿಕ್ಕದು. ಡಿಸೆಂಬರ್‌ನಲ್ಲಿ ಸಂಜೆ ಐದೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಯಾವ ಕಾಲದಲ್ಲಿ ಹೋದರೂ ಒಬ್ಬರಿಗೆ ನಾಲ್ಕು ಲೀಟರ್ ನೀರು ಇರಲಿ. ಜೊತೆಗೊಂದು ಬಾಚಣಿಗೆಯೂ ಬೇಕು. ಚೋಯಾ ಎಂಬ ಕಳ್ಳಿಯ ತುಂಡು ಬಟ್ಟೆಗೆ ಅಂಟಿಕೊಂಡರೆ ಕೈಯಿಂದ ಕೀಳಲಾಗದು, ಬಾಚಣಿಗೆಯಿಂದ ಎತ್ತಿ ಎಸೆಯಬೇಕು.

ಬೆಳಗಿನ ಹೊತ್ತನ್ನು ಸ್ಯಾನ್ ಝೇವಿಯರ್ ಚರ್ಚಿಗೆ ಮೀಸಲಿಡಿ. ನಗರದಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. 1692ರಲ್ಲಿ ಪಾದ್ರಿ ಕೀನೋ ಸ್ಥಾಪಿಸಿದ ಮಿಷನ್, ಅಂದರೆ ಕ್ರೈಸ್ತ ಧರ್ಮಪ್ರಚಾರದ ನೆಲೆ, ಇದು. ಈಗಿನ ಕಟ್ಟಡ 1783ರಿಂದ 1797ರ ನಡುವೆ ಎದ್ದಿತು. ಎದುರು ನಿಂತರೆ ಎಡಗಡೆಯ ಗೋಪುರಕ್ಕೆ ಗುಮ್ಮಟವಿದೆ, ಬಲಗಡೆಯದು ಅರ್ಧಕ್ಕೇ ನಿಂತಿದೆ. ಆ ಅಪೂರ್ಣತೆಯನ್ನು ಚೌಕಟ್ಟಿನಿಂದ ಕತ್ತರಿಸಬೇಡಿ. ಈ ಚರ್ಚಿನ ಗುರುತೇ ಅದು. ಮೊದಲು ಪೂರ್ವದ ಪುಟ್ಟ ಗುಡ್ಡ ಹತ್ತಿ. ಬೆನ್ನ ಹಿಂದೆ ಸೂರ್ಯನಿರುವಾಗ ಬಿಳಿ ಗೋಪುರಗಳು ಕಂದು ಬಯಲಿನಿಂದ ಮೇಲೆದ್ದು ನಿಲ್ಲುತ್ತವೆ. ಬಳಿಕ ಇಳಿದು ಬಂದು, ಎರಡು ಗೋಪುರಗಳ ನಡುವಿನ ಕೆತ್ತನೆಯ ಬಾಗಿಲುವಾಡವನ್ನು ಹತ್ತಿರದಿಂದ ತೆಗೆಯಿರಿ.

ಇಲ್ಲಿ ಅನೇಕರು ಎಡವುವುದು ಬಿಳಿ ಬಣ್ಣದಲ್ಲಿ. ಸುಣ್ಣದ ಗೋಡೆ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನು ಬೂದುಬಣ್ಣಕ್ಕೆ ಇಳಿಸಿಬಿಡುತ್ತದೆ. ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕನ್ನು) ಮುಕ್ಕಾಲರಿಂದ ಒಂದು ಸ್ಟಾಪ್‌ನಷ್ಟು ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು), ತೆಗೆದ ಚಿತ್ರದಲ್ಲಿ ಗೋಡೆಯ ಗೀರುಗಳು ಉಳಿದಿವೆಯೇ ಎಂದು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಉಳಿದಿಲ್ಲವಾದರೆ ಸ್ವಲ್ಪ ಇಳಿಸಿ. ನಾನು ಮೊದಲ ಸಲ ಹೋದಾಗ ಇದನ್ನು ನೋಡಿಕೊಳ್ಳದೆ ಬೆಳಗಿನ ಅಷ್ಟೂ ಚಿತ್ರಗಳನ್ನು ಮಂಕಾಗಿಸಿಕೊಂಡಿದ್ದೆ.

ಈ ಚರ್ಚು ಇರುವುದು ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓದಮ್ ಜನರ ನೆಲದಲ್ಲಿ. ಇಂದಿಗೂ ಇಲ್ಲಿ ಪೂಜೆ ನಡೆಯುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಕ್ಯಾಮೆರಾ ಚೀಲದಲ್ಲಿರಲಿ, ಮೇಣದ ಬತ್ತಿ ಹಚ್ಚುತ್ತಿರುವವರ ಮುಖಕ್ಕೆ ಫ್ಲ್ಯಾಶ್ ಹಾಯಿಸಬೇಡಿ. ನಮ್ಮೂರ ಗರ್ಭಗುಡಿಯ ಮುಂದೆ ಯಾರಾದರೂ ಹಾಗೆ ಮಾಡಿದರೆ ನಾವು ಸಹಿಸುವುದಿಲ್ಲ.

ಒಂಬತ್ತೂವರೆಗೆ ಐ-19 ಹೆದ್ದಾರಿ ಹಿಡಿದು ಇನ್ನೂ ದಕ್ಷಿಣಕ್ಕೆ, ತುಮಾಕಾಕೊರಿಯ ಹಳೆಯ ಮಿಷನ್ ಚರ್ಚಿಗೆ ಹೊರಡಿ. ಅಮೆರಿಕದ ಉಳಿದ ಹೆದ್ದಾರಿಗಳಲ್ಲಿ ದೂರವನ್ನು ಮೈಲಿಯಲ್ಲಿ ಬರೆದಿದ್ದರೆ ಇಲ್ಲಿನ ಫಲಕಗಳಲ್ಲಿ ಕಿಲೋಮೀಟರ್ ಇದೆ. ಮೆಕ್ಸಿಕೊ ಗಡಿ ಹತ್ತಿರವಿರುವುದರಿಂದ ಹಿಂದಿರುಗುವಾಗ ಗಡಿ ಪಹರೆಯವರ ತಪಾಸಣೆ ಎದುರಾಗುತ್ತದೆ. ಪಾಸ್‌ಪೋರ್ಟ್, ವೀಸಾ ಕೈಗೆಟುಕುವಂತಿರಲಿ.

1908ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ತುಮಾಕಾಕೊರಿ ಚರ್ಚನ್ನು ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯಿಂದ ಕಟ್ಟಿದ್ದಾರೆ. ಇದರ ಗಂಟೆಗೋಪುರವೂ ಮುಗಿಯಲೇ ಇಲ್ಲ. 1848ರಲ್ಲಿ ಜನ ಊರು ಬಿಟ್ಟರು. ಗಾರೆ ಉದುರಿ ಇಟ್ಟಿಗೆ ಕಾಣುವ ಕಡೆ, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವಂತಹ ಜಾಗ ಹುಡುಕಿ ನಿಲ್ಲಿ. ಮಣ್ಣಿನೊಳಗಿನ ಹುಲ್ಲುಕಡ್ಡಿಯವರೆಗೂ ವಿವರ ಸಿಗುತ್ತದೆ. ಗೋಡೆಗೆ ಒರಗಬೇಡಿ, ಮುಟ್ಟಿದರೂ ಉದುರುತ್ತದೆ.

ಮಧ್ಯಾಹ್ನದ ಬೆಳಕಿನ ಜೊತೆ ಗುದ್ದಾಡುವ ಬದಲು ಟೂಸಾನ್‌ಗೆ ಮರಳಿ ಊಟ ಮಾಡಿ. ಅರಿಝೋನಾ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಆರಂಭವಾದ ಛಾಯಾಗ್ರಹಣ ಕೇಂದ್ರವಿದೆ. ಸ್ಯಾನ್ ಝೇವಿಯರ್‌ನ ಫೋಟೊಗಳನ್ನೂ ತೆಗೆದಿದ್ದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅವರ ಸಂಗ್ರಹ ಇರುವುದು ಅಲ್ಲೇ. ತೆರೆದಿರುವ ದಿನ ನೋಡಿಕೊಂಡು ಹೋಗಿ.

ಮೂರಕ್ಕೆ ಮುಂಚೆ ಸವಾರೊ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಭಾಗಕ್ಕೆ ತಲುಪಿ. ಕಂಬದಂತೆ ನಿಲ್ಲುವ ಸವಾರೊ ಕಳ್ಳಿಗೆ ಮೊದಲ ತೋಳು ಮೂಡಲು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಸಿಗ್ನಲ್ ಹಿಲ್ ಎಂಬ ಚಿಕ್ಕ ದಿಬ್ಬದ ಮೇಲೆ ಇಲ್ಲಿ ಹಿಂದೆ ನೆಲೆಸಿದ್ದ ಹೊಹೊಕಮ್ ಜನರು ಬಂಡೆಯಲ್ಲಿ ಕೊರೆದ ಸುರುಳಿ ಇದೆ. ಬಂಡೆಯ ಹೊಳಪು ಚಿತ್ರವನ್ನು ಕೆಡಿಸಿದರೆ ಲೆನ್ಸಿಗೆ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ತಿರುಗಿಸುತ್ತ ನೋಡಿ. ಡ್ರೋನ್ ಹಾರಿಸಲು ಅನುಮತಿ ಇಲ್ಲ.

ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಅಲ್ಲಿಂದ ಹೊರಟು ಗೇಟ್ಸ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ ಸೇರಿ. ಉದ್ದನೆಯ ಲೆನ್ಸ್ ಹಾಕಿ, ಸೂರ್ಯನಿಗೆ ಅಡ್ಡಲಾಗಿ ಒಂದೇ ಒಂದು ಸವಾರೊವನ್ನು ಆರಿಸಿಕೊಳ್ಳಿ. ಅದರ ಮುಳ್ಳುಗಳ ಅಂಚಿನಲ್ಲಿ ಬೆಳಕು ಹೊತ್ತಿಕೊಂಡಂತೆ ಕಾಣುತ್ತದೆ. ಸೂರ್ಯ ಇಳಿದೊಡನೆ ಹಲವರು ಕಾರು ಹತ್ತುತ್ತಾರೆ. ನೀವು ಟ್ರೈಪಾಡ್ ಬಿಚ್ಚದೆ ಇನ್ನೂ ಇಪ್ಪತ್ತು ನಿಮಿಷ ನಿಲ್ಲಿ. ಮೋಡವೇನಾದರೂ ಇದ್ದರೆ ಅದು ಕೆಂಪಾಗುವುದು ಆಗಲೇ.