ನನ್ನ ಆರ್‌ಎಕ್ಸ್‌ಜಿಗೆ ಬಿಪಿ ಚೆಕ್ ಮಾಡಿದ್ದು

ನಮ್ಮ ಹಾಸನದಲ್ಲಿ ಯಮಹಾದ ಹಳೇ ಟೂ-ಸ್ಟ್ರೋಕ್ ಬೈಕ್ ಆರ್‌ಎಕ್ಸ್ ಇಟ್ಕೊಂಡಿರೋರು ಅದರದ್ದೇ ಜಿ ಮಾಡೆಲ್ ಅಂದ್ರೆ ಮೂಗು ಮುರೀತಾರೆ. ಆರ್‌ಎಕ್ಸ್ ಹಂಡ್ರೆಡ್ಡು 98 ಸಿಸಿಲೇ 11 ಬಿಎಚ್‌ಪಿ ಕೊಡುತ್ತೆ, ಜಿ 132 ಸಿಸಿ ಇದ್ದೂ 12 ಅಷ್ಟೇ, ಅದೇ 132ರ ಫೈವ್ ಸ್ಪೀಡ್ 135 ಆದ್ರೆ 14. ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಮೂರಕ್ಕೂ ಒಂದೇ 50 ಎಂಎಂ, ಬೋರ್ (ಸಿಲಿಂಡರ್ ಅಗಲ) ಮಾತ್ರ 50 ಇದ್ದಿದ್ದು 58 ಆಗಿದೆ. ಹಾಗಾದ್ರೆ ಜಿ ಯಾಕೆ ಓಡಲ್ಲ ಅಂತ ನಂಗೆ ಹಠ.

ಮೊದ್ಲು ಎಲ್ರೂ ಹೇಳ್ದಂಗೆ ಎಕ್ಸಾಸ್ಟ್ ಪೋರ್ಟ್ (ಸಿಲಿಂಡರ್‌ನಿಂದ ಹೊಗೆ ಹೋಗೋ ತೂತು) ಎತ್ತರಿಸಿದೆ. ಲೇತ್, ಪೋರ್ಟಿಂಗ್, ಪಿಸ್ಟನ್ ಕಿಟ್ ಎಲ್ಲಾ ಸೇರಿ ಆರು ಸಾವಿರದ ಹತ್ರ ಹೋಯ್ತು. ಮೇಲ್ಗಡೆ ಕಿರುಚ್ತು ನಿಜ, ಕೆಳಗಡೆ ಪುಲ್ಲಿಂಗೇ ಸತ್ತೋಯ್ತು, ಸಕಲೇಶಪುರದಿಂದ ಬರೋವಾಗ ಬಾಳ್ಳುಪೇಟೆ ಹತ್ರ ಪಿಸ್ಟನ್ ಜಾಮ್. ಟಾಟಾ ಏಸ್ ಬಾಡಿಗೆ ಬೇರೆ. ಮತ್ತೆ ಬೋರ್ ಮಾಡ್ಸಿ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಬಿಡೋ ತೂತು) ನಾಲ್ಕು ಸೈಜ್ ಏರಿಸ್ದೆ, ತಿಂಗಳೊಳಗೆ ಇನ್ನೊಂದ್ಸಲ ಜಾಮ್. ಪ್ಲಗ್ ಸುಣ್ಣದ ಥರ ಬೆಳ್ಳಗೆ, ಅಂದ್ರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ. ಥ್ರಾಟಲ್ ಬಿಟ್ರೂ ಆರ್‌ಪಿಎಂ ಇಳೀತಿರ್ಲಿಲ್ಲ, ಅದನ್ನ ನಾನೂ ಕಾರ್ಬುರೇಟರ್ ತಪ್ಪು ಅಂದ್ಕೊಂಡಿದ್ದೆ, ದಡ್ಡ.

ಕೊನೆಗೆ ಅಪ್ಪನ ಹಳೇ ಬಿಪಿ ಮಿಷಿನ್ ಎತ್ಕೊಂಡೆ. ಬೆಂಡ್ ಪೈಪ್ ತೆಗ್ದು ಪೋರ್ಟಿಗೆ ಟ್ಯೂಬ್ ರಬ್ಬರ್ ಬಿಗಿದು, ಕಾರ್ಬುರೇಟರ್ ಜಾಗಕ್ಕೆ ಪೈಪ್ ಕೂರಿಸಿದ ಪ್ಲೇಟ್ ಹಾಕಿ ಬಲ್ಬ್ ಒತ್ತಿ 300ಕ್ಕೆ ನಿಲ್ಲಿಸ್ದೆ. ಗ್ಯಾರೇಜಲ್ಲಿದ್ದೋರು "ಸಕ್ಕರೆ ಕಾಯ್ಲೆನೂ ನೋಡ್ಬಿಡಣ್ಣ" ಅಂತ ನಕ್ರು. ಮುಳ್ಳು ಅರ್ಧ ನಿಮಿಷದಲ್ಲಿ ಸೊನ್ನೆ. ಮ್ಯಾಗ್ನೆಟ್ ಬಿಚ್ಚಿ ಸೋಪ್ ನೀರು ಹಾಕಿದ್ರೆ ಕ್ರ್ಯಾಂಕ್ ಸೀಲ್ (ಇಂಜಿನ್ ಶಾಫ್ಟ್ ಸುತ್ತ ಗಾಳಿ ತಡೆಯೋ ರಬ್ಬರ್ ಬಳೆ) ಸುತ್ತ ಗುಳ್ಳೆ ಗುಳ್ಳೆ. ಕ್ಲಚ್ ಕಡೆದು ಕಣ್ಣಿಗೆ ಕಾಣಲ್ವಲ್ಲ, ಅದಕ್ಕೆ ಗೇರ್ ಆಯಿಲ್ ಹಾಕೋ ತೂತಿಗೆ ಬಲೂನ್ ಕಟ್ದೆ, ಊದ್ಕೊಳ್ತು! ಅಲ್ಲಿಂದ ಗಾಳಿ ಒಳಗೆ ಸೇರಿ ಇಂಜಿನ್ ಕಾಯ್ದು ಜಾಮ್ ಆಗ್ತಿತ್ತು. ಎರಡೂ ಸೀಲ್ ಸೇರಿ ಮುನ್ನೂರು ಚಿಲ್ಲರೆ, ಅಷ್ಟಕ್ಕೆ ಎರಡು ಪಿಸ್ಟನ್ ತಿಂದಿತ್ತು ನೋಡಿ.

ಪೋರ್ಟ್ ಕೊಯ್ದ ಸಿಲಿಂಡರ್ ಬ್ಲಾಕ್ ಮೂಲೆಗೆ ಹಾಕಿ ಬೆಂಗಳೂರಿನ ಜೆಸಿ ರೋಡಲ್ಲಿ ಹಳೇ ಜಿ ಬ್ಲಾಕ್ ತಂದು, ಪೋರ್ಟ್ ಮುಟ್ಲೇ ಇಲ್ಲ, ಬೋರ್ ಆದ್ಮೇಲೆ ಅಂಚು ಮಾತ್ರ ಸಣ್ಣ ಕಲ್ಲಲ್ಲಿ ಉಜ್ಜಿದೆ. ಹೆಡ್ ಎಷ್ಟು ತೆಗೆಸಿದೆ, ಗಾಳಿ-ಪೆಟ್ರೋಲ್ ಒಳಗೆ ಬಿಡೋ ರೀಡ್ ಪತ್ತಿಗೆ ಏನ್ ಮಾಡ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಈ ಸಲ 300ಕ್ಕೆ ನಿಲ್ಸಿದ ಮುಳ್ಳು ಐದು ನಿಮಿಷ ಆದ್ರೂ ಹೆಚ್ಚುಕಮ್ಮಿ ಅಲ್ಲೇ ಇತ್ತು. ನಡುವೆ ಒಂದ್ಸಲ ಹರಳೆಣ್ಣೆ ಹುಚ್ಚು ಹಿಡ್ದು ಪೆಟ್ರೋಲ್‌ಗೆ ಕಲಸಿದ್ದೆ, ವಾಸನೆ ಸೂಪರ್, ಆದ್ರೆ ರಿಂಗ್ ಎಲ್ಲಾ ಅಂಟಂಟು, ಬಿಟ್ಟುಬಿಟ್ಟೆ.

ಈಗ ಪ್ಲಗ್ ಕಾಫಿಪುಡಿ ಬಣ್ಣ, ಜೆಟ್ ವಾಪಸ್ ಮೂರು ಸೈಜ್ ಇಳಿಸಿದೀನಿ, ಮೈಲೇಜ್ 35ರ ಆಸುಪಾಸು. ಹೋದ ವಾರ ಆಲೂರು ರೋಡಲ್ಲಿ ನಕ್ಕಿದ್ದ ಹುಡುಗನ 135 ನನ್ನ ಹಿಂದೆನೇ ಇತ್ತು, ಗ್ಯಾರೇಜಿಗೆ ಬಂದೋನೇ "ಅಣ್ಣ ಆ ಬಿಪಿ ಮಿಷಿನ್ ಒಂದಿನ ಕೊಡ್ತೀರಾ" ಅಂದ. ಬಾಡಿಗೆ ಇಸ್ಕೊಂಡೇ ಕೊಟ್ಟಿದೀನಿ.