ದೊಡ್ಡಪೇಟೆಗೆ ಮಕ್ಕಳನ್ನು ಕರೆತರುವ ಹೊಸಬರಿಗೆ

ಹೊರದೇಶಕ್ಕೆ ಹೋಗಿ ಮೊದಲ ರಜೆಗೆ ಬೆಂಗಳೂರಿಗೆ ಬರುವವರು ಅವೆನ್ಯೂ ರಸ್ತೆಯ, ಅಂದರೆ ಹಳೆಯ ದೊಡ್ಡಪೇಟೆಯ, ಖರೀದಿ ಕೆಲಸವನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ತಪ್ಪು ಅಲ್ಲಿಂದಲೇ ಶುರು. ಎರಡನೆಯ ತಪ್ಪು ಕಾರು ತರುವುದು. "ಜೇಬು ಜೋಪಾನ" ಎಂದು ಹಿರಿಯರು ಹೇಳಿ ಕಳಿಸುತ್ತಿದ್ದ ರಸ್ತೆ ಇದು. ಕೈಗಾಡಿ, ಆಟೋ, ತಲೆಹೊರೆ ಎಲ್ಲ ಒಂದೇ ಕಿಷ್ಕಿಂಧೆಯಲ್ಲಿ ನುಗ್ಗುವ ಜಾಗ. 2017ರಲ್ಲಿ ಚಿಕ್ಕಪೇಟೆಗೂ ಕೆ.ಆರ್. ಮಾರ್ಕೆಟ್ಟಿಗೂ ಮೆಟ್ರೊ ಬಂದಮೇಲೆ ಕಾರು ಬೇಕಿಲ್ಲ, ಆ ಹಳೆಯ ಭಯಕ್ಕೂ ಅಷ್ಟು ಅರ್ಥವಿಲ್ಲ. ಚೀಲವನ್ನು ಎದೆಯ ಮೇಲೆ ಹಾಕಿಕೊಂಡು ನಡೆಯಿರಿ, ಸಾಕು.

ಮೈಸೂರು ಬ್ಯಾಂಕ್ ವೃತ್ತದಿಂದ ಹೊರಟು ಮಾರ್ಕೆಟ್ ಕಡೆಗೆ ಬನ್ನಿ. 1913ರ ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಸೇರಿಹೋಯಿತು. ಆದರೂ ಆಟೋದವರಿಗೆ ಇವತ್ತಿಗೂ ಆ ಹೆಸರೇ ಹೇಳಬೇಕು.

ಯಾವ ದಿನ ಬರುತ್ತೀರಿ ಎನ್ನುವುದು ಮುಖ್ಯ. ಸೀರೆ, ಒಡವೆ, ಲಗ್ನಪತ್ರಿಕೆಗೆ ವಾರದ ದಿನ. ಹಳೆಯ ಪುಸ್ತಕಕ್ಕೆ ಭಾನುವಾರ ಬೆಳಿಗ್ಗೆ. ಬಾಗಿಲು ಹಾಕಿದ ಅಂಗಡಿಗಳ ಮುಂದೆಯೇ ಪುಸ್ತಕ ಹರಡುತ್ತಾರೆ. ಮೊಬೈಲು ಬಂತು, ಕೋವಿಡ್ ಬಂತು, ಅದರ ಬೆನ್ನಿಗೆ ರಸ್ತೆ ಅಗೆತ ಬಂತು. ಆ ಸಾಲು ತೆಳ್ಳಗಾಗಿತ್ತು. ಈಗ ನಿಧಾನಕ್ಕೆ ಮತ್ತೆ ತುಂಬಿಕೊಳ್ಳುತ್ತಿದೆ. ಕೊಳ್ಳುವವರು ಬಂದರಷ್ಟೇ ಅದು ಉಳಿಯುತ್ತದೆ.

ಪುಸ್ತಕದ ರಕ್ಷಾಪುಟ ನೋಡಿ ಮೋಸಹೋಗಬೇಡಿ. ನಡುವಿನ ಹಾಳೆಗಳ ಪುಟಸಂಖ್ಯೆ ನೋಡಿ, ಹೊಲಿಗೆ ಬಿಟ್ಟ ಪುಸ್ತಕದಲ್ಲಿ ಮೊದಲು ಉದುರುವುದು ಅವೇ. ಬೆನ್ನಿನ ಬಳಿ ಸಣ್ಣ ತೂತುಗಳಿದ್ದರೆ ಹುಳು ಒಳಗಿದೆ, ಬಿಟ್ಟುಬಿಡಿ. ಒಂದೊಂದಕ್ಕೂ ಚೌಕಾಸಿ ಮಾಡದೆ ಆರೇಳು ಆರಿಸಿಟ್ಟು ಕೊನೆಗೆ ಒಟ್ಟಿಗೆ ರೇಟು ಕೇಳಿ. ಚಿಲ್ಲರೆ ನೋಟು ಇರಲಿ.

ಮಕ್ಕಳ ವಿಷಯದಲ್ಲಿ ನಮ್ಮವರೆಲ್ಲ ಎಡವುವುದು ಒಂದೇ ಕಡೆ. ಅಭಿಮಾನದಿಂದ ಶಾಲೆಯ ಪ್ರಥಮ ಭಾಷೆಯ ಕನ್ನಡ ಪಠ್ಯವನ್ನೇ ಕೊಳ್ಳುತ್ತಾರೆ. ಮನೆಯಲ್ಲಷ್ಟೇ ಕನ್ನಡ ಕೇಳಿದ ಮಗು ಮೊದಲ ಪದ್ಯಕ್ಕೇ ಪುಸ್ತಕ ಮುಚ್ಚುತ್ತದೆ, ಆಮೇಲೆ ತೆಗೆಯುವುದೇ ಇಲ್ಲ. ದ್ವಿತೀಯ ಭಾಷೆಯ ಪಠ್ಯ ಕೇಳಿ, ಮಗುವಿನ ವಯಸ್ಸಿಗಿಂತ ಎರಡು ತರಗತಿ ಕೆಳಗಿನದು. ಅಭ್ಯಾಸದ ಪುಟಗಳಲ್ಲಿ ಯಾರೋ ಉತ್ತರ ಬರೆದಿಟ್ಟಿದ್ದರೆ ಬೇಡ.

ಲಗ್ನಪತ್ರಿಕೆ ಮಾಡಿಸುವವರಿಗೆ: ಒಕ್ಕಣೆಯನ್ನು ವಾಟ್ಸಾಪಿನಲ್ಲಿ ಕಳಿಸಿ ಸುಮ್ಮನಾಗಬೇಡಿ. ಮೊಬೈಲಿನ ಯೂನಿಕೋಡ್ ಅಕ್ಷರದಿಂದ ಮುದ್ರಣದವರ 'ನುಡಿ' ತಂತ್ರಾಂಶಕ್ಕೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಚದುರುತ್ತವೆ. ಸೂರ್ಯ, ಐಶ್ವರ್ಯ, ಕೃಷ್ಣ ಮೊದಲಾದ ಹೆಸರುಗಳೇ ಕೆಡುವುದು. ಕರಡನ್ನು ಕಾಗದದ ಮೇಲೆ ತೆಗೆಸಿ, ಮನೆಯ ಹಿರಿಯರಿಂದ ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಲೆಕ್ಕಕ್ಕಿಂತ 25 ಹೆಚ್ಚು ಹಾಕಿಸಿ. ಮತ್ತೆ ಹತ್ತು ಬೇಕೆಂದರೆ ಯಂತ್ರ ಹೂಡುವ ಖರ್ಚು ಪೂರ್ತಿ ಬೀಳುತ್ತದೆ. ರೇಷ್ಮೆ ಸೀರೆ ಕೊಳ್ಳುವವರು ಅಪ್ಪಟ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಅನುಮಾನವಿದ್ದರೆ ಒಂದೆಳೆ ಕೇಳಿ ಸುಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಚಿಕ್ಕಪೇಟೆ ಕೂಡುವಲ್ಲಿ ಒಂದು ನಿಮಿಷ ನಿಲ್ಲಿ. 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದ್ದು ಇಲ್ಲಿಂದ ಎಂಬ ನಂಬಿಕೆ. ದೊಡ್ಡಪೇಟೆ ಎಂಬ ಹೆಸರು ಅಳಿಸಿ ಅವೆನ್ಯೂ ಆಯಿತು, ಅರಳೆಪೇಟೆ ಕಾಟನ್‌ಪೇಟೆಯಾಯಿತು. ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಉಳಿದುಕೊಂಡಿವೆ. ಬೋರ್ಡುಗಳನ್ನು ಮಗುವಿನಿಂದಲೇ ಓದಿಸಿ, ತಡವರಿಸಲಿ, ನೀವು ಬಾಯಿ ಹಾಕಬೇಡಿ. ಗಾಣ ಅಂದರೇನು ಎಂದು ಅದು ಕೇಳಿದಾಗ ನಮಗೇ ತೋರಿಸಲು ಒಂದೂ ಗಾಣವಿಲ್ಲ, ಆ ಸಂಕಟ ನಿಜ. ಆದರೂ ಹೇಳಿ.

ಪುಸ್ತಕಗಳನ್ನು ಪೆಟ್ಟಿಗೆಯ ತಳಕ್ಕೆ, ಸೀರೆಯ ನಡುವೆ ಇಡಿ, ಮೂಲೆ ಮಡಿಯುವುದಿಲ್ಲ. ಮಗುವಿಗೆ ಕಾಗುಣಿತದ ಪಟ ಕೊಂಡಿದ್ದರೆ ಅದನ್ನು ಮಾತ್ರ ಮಡಚಬೇಡಿ, ಮಡಿಕೆ ಬಿದ್ದ ಕಡೆ ಅಕ್ಷರ ಬೇಗ ಅಳಿಯುತ್ತದೆ. ಥಾನು ಸುತ್ತಿದ್ದ ರಟ್ಟಿನ ಕೊಳವೆ ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಕೇಳಿ, ಅದರೊಳಗೆ ಸುತ್ತಿಟ್ಟು ಕೈಯಲ್ಲೇ ಹಿಡಿದು ವಿಮಾನ ಹತ್ತಿ.